ಹುಬ್ಬಳ್ಳಿಯಿಂದ ಒಂದು ದಿನದ ಕಾಡು: ಕಪ್ಪತಗುಡ್ಡ, ರಾಣೇಬೆನ್ನೂರು, ಮಾಗಡಿ, ದಾಂಡೇಲಿ – ಯಾವಾಗ ಯಾವುದು?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ರವಿವಾರದ ತಿರುಗಾಟದ ಮಾತು ಬಂದರೆ ಅದು ಹೆಚ್ಚಾಗಿ ದಾಂಡೇಲಿಯಲ್ಲೇ ಹೋಗಿ ನಿಲ್ಲುತ್ತದೆ. ಕಾಡು ನೋಡಬೇಕೆಂದರೆ ಪಡುವಣಕ್ಕೆ ಹೋಗಬೇಕು, ಮೂಡಣಕ್ಕೆ ಏನದ, ಬರೀ ಎರಿ ಹೊಲ ಎನ್ನುವುದು ರೂಢಿಯ ಮಾತು. ಆದರೆ ಅಷ್ಟೇ ಹೊತ್ತಿನ ದಾರಿಯಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡವಿದೆ, ಮಾಗಡಿ ಕೆರೆಯಿದೆ. ಹಾವೇರಿ ಕಡೆ ಇಳಿದರೆ ಬಂಕಾಪುರದ ನವಿಲುಧಾಮ, ಇನ್ನೂ ಮುಂದೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ.

ಇವುಗಳಲ್ಲಿ ಯಾವುದು ಚಲೋ ಎಂದು ಕೇಳುವ ಮೊದಲು ಈಗ ಯಾವ ತಿಂಗಳು ಎಂದು ಕೇಳಿಕೊಳ್ಳಬೇಕು. ಮಾರ್ಚ್‌ನಲ್ಲಿ ಕಪ್ಪತಗುಡ್ಡ ಹತ್ತಿದವರು ಒಣಹುಲ್ಲು, ಸುಟ್ಟ ಕಪ್ಪು ಇಳಿಜಾರು ನೋಡಿ ಬೇಸರದಿಂದ ಇಳಿಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಮಾಗಡಿ ಕೆರೆಗೆ ಹೋದವರಿಗೆ ಒಂದು ಹೆಬ್ಬಾತೂ ಸಿಗುವುದಿಲ್ಲ. ಜಾಗದಲ್ಲಿ ಕೊರತೆಯಿಲ್ಲ, ಹೋದ ಹೊತ್ತು ತಪ್ಪು.

ಮೊದಲು ತಿಂಗಳು

ಮೇ ಕೊನೆಯಿಂದ ಜುಲೈವರೆಗೆ ಬಂಕಾಪುರ. ಆಗಸ್ಟ್ ನಡುವಿನಿಂದ ಅಕ್ಟೋಬರ್ ಮಧ್ಯದವರೆಗೆ ಕಪ್ಪತಗುಡ್ಡ, ಆ ಎಂಟು ವಾರಗಳಲ್ಲಿ ಬೇರೆ ಯಾವ ಆಯ್ಕೆಯನ್ನೂ ಯೋಚಿಸಬೇಡಿ. ಡಿಸೆಂಬರ್, ಜನವರಿ, ಫೆಬ್ರವರಿ ಮಾಗಡಿ ಕೆರೆ. ಸುಗ್ಗಿ ಮುಗಿದು ಹೊಲಗಳು ಬಯಲಾಗುವ ಜನವರಿಯಿಂದ ಏಪ್ರಿಲ್‌ವರೆಗೆ ರಾಣೇಬೆನ್ನೂರು. ದಾಂಡೇಲಿ ನವೆಂಬರ್‌ನಿಂದ ಮೇವರೆಗೆ. ಅದರಲ್ಲೂ ಪ್ರಾಣಿಗಳೇ ಮುಖ್ಯವಾದರೆ ಮಾರ್ಚ್-ಏಪ್ರಿಲ್, ಏಕೆಂದರೆ ಕಾಡಿನ ಒಳಗಿನ ನೀರು ಬತ್ತಿ ಅವು ಉಳಿದ ನೀರಿನ ಸುತ್ತ ಸೇರುತ್ತವೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, "ಪ್ರಾಣಿ ಕಾಣಲೇಬೇಕು" ಎಂಬ ಹಟವಿದ್ದರೆ ರಾಣೇಬೆನ್ನೂರು ಅಥವಾ ಮಾಗಡಿ. ವಯಸ್ಸಾದವರು ಜೊತೆಗಿದ್ದರೆ ಮಾಗಡಿ, ಯಾಕೆಂದರೆ ಅಲ್ಲಿ ನಡೆಯುವುದು ಕಡಿಮೆ. ಎರಡು ದಿನ ಕೈಯಲ್ಲಿದ್ದು ದೊಡ್ಡ ಮರಗಳ ಕಾಡು ಬೇಕಿದ್ದರೆ ದಾಂಡೇಲಿ. ಗುಡ್ಡ, ಗಾಳಿ, ಹುಲ್ಲು, ಕಲ್ಲು ಬೇಕಾದವರಿಗೆ ಕಪ್ಪತಗುಡ್ಡದಂಥ ಜಾಗ ಈ ಬಯಲುಸೀಮೆಯಲ್ಲಿ ಮತ್ತೊಂದಿಲ್ಲ.

ಕಪ್ಪತಗುಡ್ಡ

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಈ ಸಾಲು ಗದಗಿನ ಬಿಂಕದಕಟ್ಟಿ ಕಡೆಯಿಂದ ಎದ್ದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ಹತ್ತಿರ ಮುಗಿಯುತ್ತದೆ. ಉದ್ದ 60 ಕಿ.ಮೀ.ಗೂ ಹೆಚ್ಚು. 2015ರಲ್ಲಿ ಇದನ್ನು ಸಂರಕ್ಷಿತ ಮೀಸಲು ಎಂದು ಸಾರಲಾಯಿತು, 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಅಭಯಾರಣ್ಯವಾಯಿತು. ಗುಡ್ಡದೊಳಗೆ ಕಬ್ಬಿಣದ ಅದಿರೂ ಇದೆ, ಚಿನ್ನವೂ ಇದೆ. ಇಂದು ಅಲ್ಲಿ ಹುಲ್ಲು ಅಲ್ಲಾಡುತ್ತಿದೆಯೆಂದರೆ ಅದು ಊರವರು ಪಟ್ಟು ಬಿಡದೆ ಕುಳಿತದ್ದರ ಫಲ.

ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಸುಮಾರು 58 ಕಿ.ಮೀ. ಅಲ್ಲಿಂದ ಮುಂಡರಗಿ ದಿಕ್ಕಿನಲ್ಲಿ ದಂಬಳ ಇನ್ನೊಂದು 20 ಕಿ.ಮೀ., ಅದರ ಆಚೆ ದೋಣಿ. ಗಾಡಿ ಇಲ್ಲದವರು ನಸುಕಿನ ರೈಲಿಗೆ ಗದಗ ತಲುಪಿ ಬಸ್ ಹಿಡಿಯಬಹುದು, ಆದರೆ ದೋಣಿಯಿಂದ ಮುಂದಕ್ಕೆ ವಾಹನ ಸಿಗುತ್ತದೆಂದು ನಂಬಿ ಹೋಗಬಾರದು. ಗದಗಿನಲ್ಲೇ ನಾಲ್ಕೈದು ಮಂದಿ ಸೇರಿ ಗಾಡಿ ಮಾತಾಡಿಕೊಳ್ಳುವುದು ಒಳ್ಳೆಯದು.

ಹತ್ತಲು ಎರಡು ಮಗ್ಗುಲು. ಮೂಡಣದಲ್ಲಿ ದೋಣಿ, ಪಡುವಣದಲ್ಲಿ ಶಿರಹಟ್ಟಿ ತಾಲೂಕಿನ ಕಡಕೋಳ. ಮೊದಲ ಸಲ ಹೋಗುವವರು ದೋಣಿಯ ಕಡೆಯಿಂದ ಹೋಗಲಿ. ಕಪ್ಪತಮಲ್ಲೇಶ್ವರ ಗುಡಿ, ನಂದಿವೇರಿ ಮಠ, ಮೇಲೆ ಗಾಳಿಗುಂಡಿ ಬಸವಣ್ಣ – ಇವುಗಳಿಗೆ ಭಕ್ತರು ನಡೆದು ನಡೆದು ದಾರಿ ಸವೆದಿದೆ, ತಪ್ಪಿಸಿಕೊಳ್ಳುವ ಭಯ ಕಡಿಮೆ. ಆದರೆ ಈ ಮಗ್ಗುಲಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಏಳಕ್ಕೆ ಹತ್ತಲು ಶುರುಮಾಡದಿದ್ದರೆ ಒಂಬತ್ತೂವರೆಗೆ ಕಲ್ಲು ಕಾಯ್ದು ನಡಿಗೆ ಹಿಂಸೆಯಾಗುತ್ತದೆ. ಕಡಕೋಳದ ಮಗ್ಗುಲು ಬೆಳಗ್ಗೆ ನೆರಳಲ್ಲಿರುತ್ತದೆ, ಸಂಜೆಯ ಹೊಂಬಿಸಿಲೂ ಅದರದ್ದೇ. ಚಿತ್ರ ತೆಗೆಯುವವರಿಗೆ ಅದು ಲಾಯಕ್ಕು. ಮುಂಗಾರಿನ ಗಾಳಿ ಪಡುವಣದಿಂದ ಬರುವುದರಿಂದ ಜೂನ್-ಜುಲೈಯಲ್ಲಿ ಆ ಕಡೆ ದಿಬ್ಬದ ಅಂಚಿನಲ್ಲಿ ನಿಲ್ಲುವುದೇ ಕಷ್ಟ. ಈ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಯಾಕೆ ನೆಟ್ಟಿದ್ದಾರೆ ಎಂದು ಅಲ್ಲಿ ಎರಡು ನಿಮಿಷ ನಿಂತರೆ ತಿಳಿಯುತ್ತದೆ. ಅಂಥ ದಿನ ಛತ್ರಿ ಒಯ್ಯಬೇಡಿ, ಮೈಗೆ ಹತ್ತುವ ರೇನ್‌ಕೋಟ್ ಒಯ್ಯಿರಿ.

ಗದಗಿಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅದಕ್ಕೇ ಇಲ್ಲಿ ದಾಂಡೇಲಿಯಂಥ ಎತ್ತರದ ಮರಗಳಿಲ್ಲ. ಕುರುಚಲು, ಎಲೆ ಉದುರಿಸುವ ಗಿಡ, ಕವಳಿ, ಕಾರಿ, ತಂಗಡಿ, ಮೇಲೆ ಬೋಳು ದಿಬ್ಬಗಳ ತುಂಬ ಹುಲ್ಲು. ಮಳೆ ಹಿಡಿದ ಆರೇಳು ವಾರಕ್ಕೆ ಆ ದಿಬ್ಬಗಳು ಒಂದರ ಹಿಂದೆ ಒಂದು ಹಸುರಾಗಿ ಏಳುತ್ತವೆ, ನಡುವೆ ಕೆಂಪು ಮಸಾರಿಯ ಕಾಲುದಾರಿ ಎಳೆದಂತೆ ಕಾಣುತ್ತದೆ. ಸೊಂಟದೆತ್ತರಕ್ಕೆ ಬೆಳೆಯುವ ಬಾದೆ ಹುಲ್ಲಿನ ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಗಿಗೆ ಹಿಡಿದರೆ ನಿಂಬೆಹುಲ್ಲಿನ ಬಳಗದ ಘಾಟು ಬರುತ್ತದೆ. ಎಲೆಯಲ್ಲಿ ಎಣ್ಣೆಯಿದೆ. ಬೇಸಿಗೆಯಲ್ಲಿ ಈ ಗುಡ್ಡಕ್ಕೆ ಬೆಂಕಿ ತಗುಲಿದರೆ ಅಷ್ಟು ಬೇಗ ಹಬ್ಬುವುದಕ್ಕೆ ಒಣಗಿದ ಇದೇ ಹುಲ್ಲು ಕಾರಣ.

ಇನ್ನೊಂದು ಹುಲ್ಲು ಅಕ್ಟೋಬರ್‌ನಿಂದ ಕಾಡುತ್ತದೆ. ಬೀಜದ ಒಂದು ತುದಿ ಸೂಜಿಯಂತೆ ಚೂಪು, ಅದರ ಮೇಲೆ ಹಿಂದಕ್ಕೆ ಬಾಗಿದ ರೋಮ, ಇನ್ನೊಂದು ತುದಿಗೆ ಉದ್ದನೆಯ ತಿರುಚಿದ ಬಾಲ. ಬಾಲ ತೇವ ಹೀರಿದಾಗ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ತಿರುಚಿಕೊಳ್ಳುತ್ತದೆ. ಹಾಗೆ ತಿರುಗುತ್ತ ತಿರುಗುತ್ತ ಬೀಜ ನೆಲದೊಳಗೆ ಇಳಿಯುತ್ತದೆ. ನೆಲದ ಬದಲು ನಿಮ್ಮ ಕಾಲುಚೀಲ ಸಿಕ್ಕರೆ ಬೆವರಿನ ತೇವಕ್ಕೆ ಅದೇ ಕೆಲಸ ಅಲ್ಲಿ ಮಾಡುತ್ತದೆ. ಉಣ್ಣೆ ಅಥವಾ ದಪ್ಪ ಹತ್ತಿಯ ಕಾಲುಚೀಲದಲ್ಲಿ ಇದು ಬೇಗ ಕಚ್ಚುತ್ತದೆ. ನುಣುಪಾದ ನೈಲಾನ್ ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಟ್ಟರೆ ಮುಕ್ಕಾಲು ಕಾಟ ತಪ್ಪುತ್ತದೆ.

ಇಲ್ಲಿಯ ಕಲ್ಲನ್ನೂ ಬಾಗಿ ನೋಡಬೇಕು. ಗದಗಿನ ಈ ಶಿಲಾಪಟ್ಟಿ 250 ಕೋಟಿ ವರ್ಷಕ್ಕಿಂತ ಹಳೆಯದು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ದಂಬಳದ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ಬರೆದ. ಮುಂದೆ ಇಂಥ ಪ್ರಾಚೀನ ಶಿಲೆಗಳ ಗುಂಪಿಗೆ ಅವನು ಇಟ್ಟ ಹೆಸರು ನಮ್ಮ ಧಾರವಾಡದ್ದೇ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ "ಧಾರವಾಡ ಶಿಲೆ" ಎಂದು ಬರುವುದು ಅಲ್ಲಿಂದ. ಕಬ್ಬಿಣದ ಪಟ್ಟೆಯ ಕಲ್ಲು ಸಿಕ್ಕರೆ ಗುರುತು ಸುಲಭ: ಬೆರಳಗಲದ ಕಂದು-ಕೆಂಪು ಗೆರೆ, ಅದರ ಪಕ್ಕ ಉಕ್ಕಿನ ಬಣ್ಣದ ಗೆರೆ, ಮತ್ತೆ ಕೆಂಪು. ಕೈಯಲ್ಲಿ ಎತ್ತಿದರೆ ಅಳತೆಗೆ ಮೀರಿದ ಭಾರ. ನೋಡಿ, ಇದ್ದಲ್ಲೇ ಇಡಿ. ಅಭಯಾರಣ್ಯದಿಂದ ಕಲ್ಲಾಗಲಿ ಬೇರಾಗಲಿ ತರುವುದು ಅಪರಾಧ. ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದರಿಂದ "ಒಂದೇ ಒಂದು ಬೇರು" ಎಂದು ಕೀಳುವವರು ಬಹಳ. ಬೇರು ಕಿತ್ತ ಗಿಡ ಮುಂದಿನ ವರ್ಷ ಅಲ್ಲಿ ಇರುವುದಿಲ್ಲ.

ಪ್ರಾಣಿಗಳ ವಿಷಯ. ಚಿರತೆ, ತೋಳ, ಪಟ್ಟೆ ಕತ್ತೆಕಿರುಬ, ನರಿ, ಮುಳ್ಳುಹಂದಿ, ಕೊಂಡುಕುರಿ – ಎಲ್ಲ ಇವೆ, ಆದರೆ ಹಗಲಲ್ಲಿ ಎದುರಿಗೆ ಬಂದು ನಿಲ್ಲುತ್ತವೆ ಎಂದುಕೊಂಡರೆ ನಿರಾಸೆ ಖಚಿತ. ಇಲ್ಲಿ ನೋಡಬೇಕಾದದ್ದು ಗುರುತುಗಳು. ಮಳೆ ನಿಂತ ಮರುದಿನ ಬೆಳಗ್ಗೆ ಕೆಂಪು ಮಣ್ಣಿನ ದಾರಿಯೇ ಪುಸ್ತಕ. ಹೆಜ್ಜೆಯಲ್ಲಿ ಉಗುರಿನ ತುದಿ ಮೂಡಿಲ್ಲದಿದ್ದರೆ ಬೆಕ್ಕಿನ ಜಾತಿ, ಅಂದರೆ ಗಾತ್ರ ದೊಡ್ಡದಾಗಿದ್ದರೆ ಚಿರತೆ. ಉಗುರು ಮೂಡಿದ್ದರೆ ತೋಳ, ಕತ್ತೆಕಿರುಬ ಅಥವಾ ಕುರುಬರ ನಾಯಿ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದ್ದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಒಣಗಿದ ಅದರ ಹಿಕ್ಕೆ ಸುಣ್ಣದಂತೆ ಬೆಳ್ಳಗಿರುತ್ತದೆ, ಎಲುಬು ಅಗಿದು ತಿನ್ನುವುದರಿಂದ. ಸಣ್ಣ ಹಿಕ್ಕೆಗಳು ಒಂದೇ ಜಾಗದಲ್ಲಿ ಗುಡ್ಡೆಯಾಗಿ ಬಿದ್ದಿದ್ದರೆ ಕೊಂಡುಕುರಿ ಇರಬಹುದು. ಅದು ದಿನಾ ಅಲ್ಲಿಗೇ ಬಂದು ಹಾಕುತ್ತದೆ. ತಲೆಯ ಮೇಲೆ ನಾಲ್ಕು ಕೊಂಬಿರುವ ಕಾಡುಜೀವಿ ಇದೊಂದೇ, ಗಂಡಿಗೆ ಮಾತ್ರ. ಮುಂದಿನ ಎರಡು ಮೊಳಕೆಯಂತೆ ಚಿಕ್ಕವು.

ಎಡವಟ್ಟಾಗುವುದು ಎಲ್ಲಿ? ಮೊದಲನೆಯದು ನೀರು. ಮೇಲೆ ಕುಡಿಯುವ ನೀರು ಸಿಗುತ್ತದೆಂದು ಲೆಕ್ಕ ಹಾಕಬಾರದು. ತಲೆಗೆ ಮೂರು ಲೀಟರ್ ಹೊತ್ತೇ ಹತ್ತಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಪ್ಲಾಸ್ಟಿಕ್ ಪುಡಿಕೆ ಬೇಡ, ಒಯ್ದರೆ ವಾಪಸ್ ತನ್ನಿ. ಎರಡನೆಯದು ಇಳಿಯುವ ಹೊತ್ತು. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಜಾರಿ ಕಣಕಾಲು ಹೊರಳುವುದು ಹತ್ತುವಾಗಲ್ಲ, ದಣಿದು ಇಳಿಯುವಾಗ. ಚಪ್ಪಲಿಯಲ್ಲಿ ಬಂದವರೇ ಹೆಚ್ಚು ಬೀಳುತ್ತಾರೆ. ಮೂರನೆಯದು ಕುರಿಹಿಂಡಿನ ನಾಯಿಗಳು. ತೋಳನ ಭಯಕ್ಕೆ ಸಾಕಿದ ಆ ನಾಯಿಗಳು ಅಪರಿಚಿತರನ್ನು ಬಿಡುವುದಿಲ್ಲ. ಹಿಂಡು ಕಂಡರೆ ಅದಕ್ಕೂ ನಾಯಿಗೂ ನಡುವೆ ಹೋಗದೆ ಸುತ್ತು ಬಳಸಿ, ಕುರುಬರನ್ನು ಮೊದಲು ಕೂಗಿ ಮಾತಾಡಿಸಿ. ಕಲ್ಲು ಸಂದುಗಳಲ್ಲಿ ಕೈಯಿಡಬೇಡಿ. ಉರಿಮಂಡಲ, ಕೊಳಕುಮಂಡಲ ಇಂಥ ನೆಲದ ಹಾವುಗಳೇ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಅಂಗ ಅಲ್ಲಾಡದಂತೆ ಇಟ್ಟು ನೇರ ಗದಗಿನ ದೊಡ್ಡ ಆಸ್ಪತ್ರೆಗೆ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಗದ್ದಲ, ಹೊಗೆ, ಅತ್ತರು ಬೇಡ.

ಬೆಂಕಿಯ ಮಾತನ್ನು ಮತ್ತೊಮ್ಮೆ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅದರೊಳಗೆ ಬೆಂಕಿ ಹೊತ್ತಿಸುವುದು ಅಪರಾಧ. ಚಹಾಕ್ಕೆಂದು ಹೂಡಿದ ಮೂರು ಕಲ್ಲಿನ ಒಲೆ, ಬಿಸಾಕಿದ ಬೀಡಿ ಸಾಕು, ಗಾಳಿಗೆ ಒಂದು ದಿಬ್ಬ ಅರ್ಧ ತಾಸಿನಲ್ಲಿ ಕಪ್ಪಾಗುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿ, ಆಮೆ, ಓತಿಕ್ಯಾತ ಓಡಲಾರದೆ ಅಲ್ಲೇ ಬೇಯುತ್ತವೆ. ಫೆಬ್ರವರಿಯಿಂದ ಮೇವರೆಗೆ ಈ ಗುಡ್ಡವನ್ನು ಅದರ ಪಾಡಿಗೆ ಬಿಡುವುದೇ ಒಳಿತು ಎಂಬುದು ನಮ್ಮ ಅಭಿಪ್ರಾಯ.

ರಾಣೇಬೆನ್ನೂರು: ಚಿಗರಿ ಕಾಣುವ ಬಯಲು

ಹುಬ್ಬಳ್ಳಿ-ಧಾರವಾಡದವರು ದಿನಾ ಹತ್ತುವ ಬಸ್ಸಿಗೆ ಇಟ್ಟ ಹೆಸರು ಚಿಗರಿ, ಅಂದರೆ ಕೃಷ್ಣಮೃಗ. ಆ ಹೆಸರಿನ ಜೀವ ಓಡುವುದನ್ನು ನೋಡಲು ಸುಮಾರು 105 ಕಿ.ಮೀ. ಹೋಗಬೇಕು. ಹೆದ್ದಾರಿ ಪೂರ್ತಿ ಚಲೋ, ಬೆಂಗಳೂರು ಕಡೆಯ ರೈಲುಗಳೂ ರಾಣೇಬೆನ್ನೂರಿನ ಮೇಲೆಯೇ ಹೋಗುತ್ತವೆ. ಅಭಯಾರಣ್ಯ 1974ರದ್ದು, 119 ಚದರ ಕಿ.ಮೀ., ಪೇಟೆಯಿಂದ ಹತ್ತಿರ.

ಕಪ್ಪತಗುಡ್ಡಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಪ್ರಾಣಿ ಕಾಣುತ್ತದೆ. ಕೃಷ್ಣಮೃಗ ಬಯಲಿನ ಜೀವಿ. ದೂರದಿಂದ ವೈರಿಯನ್ನು ಕಂಡು ಓಡುವುದೇ ಅದರ ರಕ್ಷಣೆಯಾದ್ದರಿಂದ ಪೊದೆಯಲ್ಲಿ ಅಡಗುವ ಚಾಳಿಯಿಲ್ಲ. ಬೆಳಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕೂವರೆಯ ನಂತರ ಕಾಡಿನ ಅಂಚಿನ ಬಯಲಲ್ಲಿ ಮೇಯುತ್ತಿರುತ್ತದೆ. ನಡು ಮಧ್ಯಾಹ್ನ ನೀಲಗಿರಿ ನೆಡುತೋಪಿನ ನೆರಳು ಸೇರುತ್ತದೆ, ಆಗ ಹೋದವರಿಗೆ ಸಿಗುವುದು ನೀಲಗಿರಿ ಮರಗಳಷ್ಟೇ. ಗುಂಪಿನಲ್ಲಿ ಕಡುಗಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಪಿನ ಕೊಂಬು ಇದ್ದದ್ದು ಬಲಿತ ಗಂಡು. ಕೊಂಬಿದ್ದೂ ಮೈ ಇನ್ನೂ ಕಂದಾಗಿದ್ದರೆ ಹರೆಯದ್ದು. ಅವು ತಲೆಯೆತ್ತಿ ನಿಮ್ಮತ್ತ ನೋಡಿದ ಕ್ಷಣ ನಿಲ್ಲಿ, ಅದೇ ಮಿತಿ. ಇನ್ನೊಂದು ಹೆಜ್ಜೆಗೆ ಮೊದಲ ಹೆಣ್ಣು ನೆಗೆಯುತ್ತದೆ, ಹಿಂದೆ ಇಡೀ ಹಿಂಡು. ಗಾಡಿಯಲ್ಲೇ ಕುಳಿತು ಇಂಜಿನ್ ಆರಿಸಿ ನೋಡುವವರಿಗೆ ನಡೆದು ಹೋಗುವವರಿಗಿಂತ ಹತ್ತಿರದ ನೋಟ ಸಿಗುತ್ತದೆ, ಮನುಷ್ಯನ ನಿಲುವು ಕಂಡರೆ ಅವಕ್ಕೆ ಭಯ ಜಾಸ್ತಿ.

ಒಂದು ಎಚ್ಚರಿಕೆ: ಅಕಾಲಿಕ ಮಳೆ ಬಿದ್ದಿದ್ದರೆ ಹೊಲದ ದಾರಿಗೆ ಕಾರು ಇಳಿಸಬೇಡಿ. ಎರಿ ಮಣ್ಣು ತೊಯ್ದರೆ ಗಾಲಿಗೆ ಮೆತ್ತಿ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಟ್ರ್ಯಾಕ್ಟರ್ ಬರಬೇಕು. ಮಸಾರಿಯಲ್ಲಿ ಈ ಪೀಕಲಾಟವಿಲ್ಲ.

ಹೋಗುವ ದಾರಿಯಲ್ಲೇ, ಹೆದ್ದಾರಿಯಿಂದ ತುಸು ಒಳಗೆ, ಬಂಕಾಪುರ. ಹಳೆಯ ಕೋಟೆಯೊಳಗಿನ 139 ಎಕರೆಯನ್ನು 2006ರಲ್ಲಿ ನವಿಲುಧಾಮ ಮಾಡಲಾಯಿತು. ಖಿಲಾರಿ ತಳಿಯ ದನಗಳ ಕೇಂದ್ರವೂ, ಅರವತ್ತು ಕಂಬದ ನಗರೇಶ್ವರ ಗುಡಿಯೂ ಅಲ್ಲೇ. ಒಂದೂವರೆ ತಾಸು ಸಾಕು. ಆಗಸ್ಟ್ ನಂತರ ಗಂಡು ನವಿಲು ಉದ್ದ ಗರಿ ಉದುರಿಸಿಕೊಂಡಿರುತ್ತದೆ, ಕುಣಿತ ನೋಡಲು ಮುಂಗಾರಿನ ಮೊದಲ ವಾರಗಳೇ ಸರಿ. ಇಂಟರ್ನೆಟ್‌ನಲ್ಲಿ "ಬಂಕಾಪುರ ತೋಳಧಾಮ" ಎಂದು ಕಂಡು ಇಲ್ಲಿಗೆ ಬರಬೇಡಿ. ಆ ಬಂಕಾಪುರ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನದು.

ಮಾಗಡಿ ಕೆರೆ

ಶಿರಹಟ್ಟಿ ತಾಲೂಕಿನ ಮಾಗಡಿ, ಗದಗಿನಿಂದ 26 ಕಿ.ಮೀ. ಹುಬ್ಬಳ್ಳಿಯವರಿಗೆ ಲಕ್ಷ್ಮೇಶ್ವರದ ಮೇಲೆ ಹತ್ತಿರ. ಸುಮಾರು 134 ಎಕರೆಯ ಈ ಸಾಧಾರಣ ಊರಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ನೆಲಗಳ ಪಟ್ಟಿ ಸೇರಿತು. ಕಾರಣ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಈ ಹಕ್ಕಿ ಹಿಮಾಲಯ ದಾಟಿ ಬರುತ್ತದೆ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಬಿಳಿ ತಲೆಯ ಹಿಂಬದಿಯಲ್ಲಿ ಅಡ್ಡಲಾಗಿ ಎರಡು ಕಪ್ಪು ಪಟ್ಟಿ, ಅಷ್ಟು ಕಂಡರೆ ಗುರುತು ತಪ್ಪುವುದಿಲ್ಲ.

ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಕತ್ತಲಲ್ಲಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ಕೂರುತ್ತದೆ. ಹಾಗಾಗಿ ಇಲ್ಲಿ ಸೂರ್ಯೋದಯಕ್ಕೆ ಓಡಿ ಬರುವ ಅವಸರವಿಲ್ಲ. ಕಪ್ಪತಗುಡ್ಡಕ್ಕೂ ರಾಣೇಬೆನ್ನೂರಿಗೂ ಇಲ್ಲದ ಅನುಕೂಲವಿದು, ಮುದುಕರು ಮಕ್ಕಳು ಆರಾಮಾಗಿ ಉಂಡು ಹೊರಡಬಹುದು. 8×42 ಅಳತೆಯ, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಒಯ್ಯಿರಿ. ಇನ್ನೂ ಹೆಚ್ಚು ಪಟ್ಟಿನದು ಕೈಯಲ್ಲಿ ನಡುಗಿ ಪಟ್ಟಿ ಕಾಣದಂತಾಗುತ್ತದೆ. ಏರಿಯ ಮೇಲೆ ಬಿಳಿ, ಕೆಂಪು ಬಟ್ಟೆ ಬೇಡ. ಹಕ್ಕಿ ಹಾರಲಿ, ಚಿತ್ರ ಬರಲಿ ಎಂದು ಕಲ್ಲೆಸೆಯುವವರನ್ನು ಕಂಡರೆ ತಡೆಯಿರಿ. ವಿಶ್ರಾಂತಿಯ ಹೊತ್ತಲ್ಲಿ ಪದೇಪದೇ ಎದ್ದ ಹಿಂಡು ಕೆರೆಯನ್ನೇ ಬಿಟ್ಟು ಹೋಗುತ್ತದೆ. ಬರದ ವರ್ಷ ಕೆರೆ ಬತ್ತಿರಬಹುದು, ಹೊರಡುವ ಮುನ್ನ ಲಕ್ಷ್ಮೇಶ್ವರ ಕಡೆಯ ಯಾರಿಗಾದರೂ ಫೋನ್ ಮಾಡಿ ನೀರಿದೆಯೇ ಕೇಳಿ.

ದಾಂಡೇಲಿ ಯಾವಾಗ?

ಧಾರವಾಡದಿಂದ ಹಳಿಯಾಳದ ಮೇಲೆ ಸುಮಾರು 55 ಕಿ.ಮೀ. ಮಾತ್ರ, ಆದರೂ ಇದನ್ನು ಒಂದು ದಿನದ ಪಟ್ಟಿಗೆ ಸೇರಿಸಬಾರದು. ಬೆಳಗಿನ ಸಫಾರಿಗೆ ಸೇರಬೇಕಾದರೆ ರಾತ್ರಿಯೇ ಎದ್ದು ಹೊರಡಬೇಕು. ನಿದ್ದೆಗೆಟ್ಟ ಚಾಲಕ, ಕಾಡಿನ ತಿರುವು, ರಸ್ತೆ ದಾಟುವ ಕಾಡುಕೋಣ ಒಟ್ಟಿಗೆ ಸೇರುವುದು ಒಳ್ಳೆಯದಲ್ಲ. ಹಿಂದಿನ ದಿನವೇ ಹೋಗಿ ತಂಗಿ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಸುಮಾರು 1,300 ಚದರ ಕಿ.ಮೀ. ದಟ್ಟ ಕಾಡು ಇದು. ಹುಲಿಗಾಗಿಯೇ ಹೋದವರು ಬಹುತೇಕ ಬರಿಗೈಯಲ್ಲಿ ಬರುತ್ತಾರೆ, ಮರಗಳು ದಟ್ಟ, ನೋಟ ಇಪ್ಪತ್ತು ಮೀಟರಿಗೆ ನಿಲ್ಲುತ್ತದೆ. ಮಂಗಟ್ಟೆ ಹಕ್ಕಿಗಾಗಿ ಹೋದವರು ಮಾತ್ರ ಖುಷಿಯಾಗಿ ಬರುತ್ತಾರೆ. ನಾಲ್ಕು ಬಗೆಯ ಮಂಗಟ್ಟೆಗಳು ಈ ಕಾಡಲ್ಲಿವೆ. ದೊಡ್ಡದು ಹಾರುವಾಗ ರೆಕ್ಕೆಯ ಸದ್ದು ಉಗಿಬಂಡಿಯಂತೆ ಮೊದಲು ಕೇಳಿಸಿ ಆಮೇಲೆ ಹಕ್ಕಿ ಕಾಣುತ್ತದೆ.

ಅನುಮತಿ, ಮತ್ತು ಎರಡು ದಿನ ಸಿಕ್ಕರೆ

ಕಪ್ಪತಗುಡ್ಡ, ರಾಣೇಬೆನ್ನೂರು, ಕಾಳಿ ಮೂರೂ ಸಂರಕ್ಷಿತ ಕಾಡು. ಗುಡಿ, ಮಠದ ದಾರಿ ಬಿಟ್ಟು ಒಳಗೆ ನಡೆಯಬೇಕಿದ್ದರೆ ಆಯಾ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಒಪ್ಪಿಗೆ ಪಡೆಯಿರಿ. ಶನಿವಾರ ಮಧ್ಯಾಹ್ನ ಹೋದರೆ ಸಹಿ ಮಾಡುವವರು ಸಿಗದೇ ಇರಬಹುದು, ಶುಕ್ರವಾರದೊಳಗೆ ಮುಗಿಸಿಕೊಳ್ಳಿ. ದರಗಳು ಬದಲಾಗುತ್ತಿರುತ್ತವೆ, ಅಲ್ಲೇ ಕೇಳಿ. ಡ್ರೋನ್ ಒಯ್ಯಬೇಡಿ.

ಸೆಪ್ಟೆಂಬರ್‌ನಲ್ಲಿ ಎರಡು ದಿನ ಸಿಕ್ಕರೆ ಮೊದಲ ದಿನ ಸಂಜೆ ಕಡಕೋಳದ ಮಗ್ಗುಲು ನೋಡಿ ಗದಗಿನಲ್ಲಿ ತಂಗಿ, ಮರುದಿನ ನಸುಕಿಗೆ ದೋಣಿ. ಹನ್ನೊಂದಕ್ಕೆ ಇಳಿದು ದಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರದಾಕಾರದ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಬಹುದು. ಜನವರಿಯಾದರೆ ಮೊದಲ ದಿನ ಮಧ್ಯಾಹ್ನ ಮಾಗಡಿ, ರಾತ್ರಿ ಹಾವೇರಿ, ಬೆಳಗ್ಗೆ ಆರಕ್ಕೆ ರಾಣೇಬೆನ್ನೂರಿನ ಬಯಲು. ಮನೆಗೆ ಬಂದ ಮೇಲೆ ಕಾಲುಚೀಲ, ಪ್ಯಾಂಟನ್ನು ನೇರ ವಾಷಿಂಗ್ ಮಷಿನ್‌ಗೆ ಹಾಕಬೇಡಿ. ಚಿಮಟದಿಂದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ, ಚೂಪು ತುದಿ ಹೋದ ದಿಕ್ಕಿಗೇ ಮುಂದಕ್ಕೆ ಎಳೆದು ತೆಗೆಯಿರಿ. ಹಿಂದಕ್ಕೆ ಎಳೆದರೆ ರೋಮ ಬಟ್ಟೆಯಲ್ಲೇ ಉಳಿದು, ಒಗೆದ ನಂತರವೂ ಚುಚ್ಚುತ್ತಿರುತ್ತದೆ.